ಹಕೊದಾತೆಯಿಂದ ವಕ್ಕನಾಯ್‌ಗೆ: ಜಪಾನಿನ ಬೇಸಿಗೆಯಲ್ಲಿ ಜೋಡಿ ಸೈಕಲ್ ಪ್ರವಾಸ

ಜಪಾನಿನಲ್ಲಿ ಸೈಕಲ್ ಪ್ರವಾಸ ಎಂದಕೂಡಲೇ ಟೋಕಿಯೊ, ಕ್ಯೋಟೊ, ಅಲ್ಲಿಂದ ಮುಂದೆ ಒನೊಮಿಚಿ–ಇಮಾಬಾರಿ ನಡುವಿನ ಶಿಮಾನಾಮಿ ಕೈದೊ ಸೇತುವೆಗಳು ನೆನಪಾಗುತ್ತವೆ. ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಹೋಗುವವರಿಗೆ ಅದು ಒಳ್ಳೆಯ ದಾರಿಯೇ. ಜುಲೈ–ಆಗಸ್ಟ್‌ನಲ್ಲಿ ಮಾತ್ರ ರಜೆ ಸಿಗುವ ದಂಪತಿಗೆ ನಮ್ಮ ಸಲಹೆ ಬೇರೆ: ಹೊನ್ಶು ದ್ವೀಪವನ್ನು ರೈಲಿನಲ್ಲಿ ದಾಟಿಬಿಡಿ, ಸೈಕಲ್ ತುಳಿಯುವುದನ್ನು ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಶುರುಮಾಡಿ.

ಕಾರಣ ಹವಾಮಾನ. ಹೊನ್ಶುವಿನಲ್ಲಿ ಜೂನ್ ಮೊದಲ ವಾರಗಳಿಂದ ಜುಲೈ ಮಧ್ಯದವರೆಗೆ ‘ತ್ಸುಯು’ ಮಳೆಗಾಲ. ಅದು ಮುಗಿಯಿತೋ ಇಲ್ಲವೋ, ಬಯಲಿನ ಊರುಗಳಲ್ಲಿ 35 ಡಿಗ್ರಿ ಬಿಸಿಲು, ಜೊತೆಗೆ ಮೈಯ ಬೆವರು ಆರದಷ್ಟು ತೇವ. ರಾತ್ರಿಯೂ ಟೆಂಟ್‌ನೊಳಗೆ ತಂಪಾಗುವುದಿಲ್ಲ, ನಿದ್ದೆ ಕೆಟ್ಟರೆ ಮರುದಿನದ ಸವಾರಿ ಕೆಟ್ಟಂತೆಯೇ. ಹೊಕ್ಕೈದೊಗೆ ಆ ಮಳೆಗಾಲ ಹೆಚ್ಚಾಗಿ ತಟ್ಟುವುದಿಲ್ಲ. ಅಲ್ಲಿನ ರಾಜಧಾನಿ ಸಪ್ಪೊರೊದ ಆಗಸ್ಟ್ ಹಗಲು ಸಾಧಾರಣವಾಗಿ 26–27 ಡಿಗ್ರಿ, ಅಂದರೆ ಬೆಂಗಳೂರಿನ ಆಗಸ್ಟ್‌ನಷ್ಟೇ. ಉತ್ತರ ಕೊನೆಯ ವಕ್ಕನಾಯ್‌ನಲ್ಲಿ ಇನ್ನೂ ಕಡಿಮೆ. ಹಾಗೆಂದು ಉತ್ತರದಲ್ಲಿ ಸೆಖೆಯೇ ಇಲ್ಲವೆಂದುಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಸಪ್ಪೊರೊ 36.3 ಡಿಗ್ರಿ ಮುಟ್ಟಿತ್ತು.

ಜುಲೈ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರ ಮುಗಿಯುವವರೆಗೆ ಅತ್ಯುತ್ತಮ ಕಾಲ. ಆಗಸ್ಟ್ 13ರಿಂದ 16ರ ಆಸುಪಾಸು ಒಬೊನ್ ಹಬ್ಬ. ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ರೈಲು, ಫೆರಿ, ಹೋಟೆಲ್ ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಆಗಸ್ಟ್ ಕೊನೆಗೆ ಚಂಡಮಾರುತಗಳ ಬಾಲದ ಮಳೆ ಉತ್ತರಕ್ಕೂ ಬರುತ್ತದೆ.

ದಾರಿ, ದಿಕ್ಕು

ಹಕೊದಾತೆಯಿಂದ ಒನುಮಾ, ಒಷಮಾಂಬೆ, ನಿಸೆಕೊ, ಒತಾರು, ಮಾಷಿಕೆ, ರುಮೊಯ್, ತೆಶಿಯೊ, ವಕ್ಕನಾಯ್. ಸುಮಾರು 650 ಕಿಲೋಮೀಟರ್. ತುಂಬಿದ ಚೀಲಗಳೊಂದಿಗೆ ದಿನಕ್ಕೆ 60–80 ಕಿಮೀ ಎಂದಿಟ್ಟುಕೊಂಡು, ಮಳೆಗೂ ಎದುರುಗಾಳಿಗೂ ಎರಡು ಮೂರು ಬಿಡುವಿನ ದಿನ ಸೇರಿಸಿದರೆ ಎರಡು ವಾರ ಬೇಕು. ಅದಕ್ಕಿಂತ ಬಿಗಿಯಾಗಿ ಲೆಕ್ಕ ಹಾಕಬೇಡಿ.

ದಕ್ಷಿಣದಿಂದ ಉತ್ತರಕ್ಕೇ ಹೋಗಬೇಕು. ಜಪಾನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಮುಖಮಾಡಿದರೆ ಸಮುದ್ರ ನಿಮ್ಮ ಎಡಗಡೆಗೇ ಇರುತ್ತದೆ: ನೋಟಕ್ಕೆ ಅಡ್ಡ ಬರುವ ವಾಹನಗಳಿಲ್ಲ, ನಿಲ್ಲಬೇಕೆನಿಸಿದಲ್ಲಿ ರಸ್ತೆ ದಾಟಬೇಕಿಲ್ಲ.

ಟೋಕಿಯೊದಿಂದ ಶಿನ್-ಹಕೊದಾತೆ-ಹೊಕುತೊಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ಹಕೊದಾತೆ ನಗರ ನೋಡುವ ಆಸೆ ಇಲ್ಲದಿದ್ದರೆ ಆ ನಿಲ್ದಾಣದ ಹೊರಗೇ ಸೈಕಲ್ ಜೋಡಿಸಿ ಒನುಮಾ ಕೆರೆಗಳ ಕಡೆಗೆ ಹೊರಡಬಹುದು. ಅವಸರವಿಲ್ಲದವರು ಅಓಮೊರಿಯಿಂದ ಹಕೊದಾತೆಗೆ ಫೆರಿ ಹಿಡಿಯಲಿ. ನಾಲ್ಕು ಗಂಟೆಯ ಒಳಗಿನ ಪ್ರಯಾಣ, ಸೈಕಲನ್ನು ಬಿಚ್ಚದೆ ಹಾಗೇ ಒಯ್ಯಬಹುದು, ಅದಕ್ಕೆ ಬೇರೆ ಶುಲ್ಕ. ಸಮುದ್ರದಡಿಯ ಸೇಕಾನ್ ಸುರಂಗ ರೈಲಿಗೆ ಮಾತ್ರ.

ಒನುಮಾ ದಾಟಿದ ಮೇಲೆ ಒಷಮಾಂಬೆವರೆಗೆ 5ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿ. ಇಡೀ ದಾರಿಯಲ್ಲಿ ಬೇಸರ ತರಿಸುವ ಭಾಗ ಇದೇ, ಬೆಳಗ್ಗೆ ಬೇಗ ಮುಗಿಸಿ. ಒಷಮಾಂಬೆಯಿಂದ ರಸ್ತೆ ಒಳನಾಡಿಗೆ ತಿರುಗಿ ಏರಿಳಿಯುತ್ತದೆ. ನಿಸೆಕೊ ಹತ್ತಿರ 1,898 ಮೀಟರ್ ಎತ್ತರದ ಯೊತೆಯ್ ಬೆಟ್ಟ ಕಣ್ಣೆದುರು. ಅದರ ಬುಡದ ಕ್ಯೊಗೊಕುವಿನಲ್ಲಿ ಚಿಲುಮೆಯ ನೀರು ಹಿಡಿದುಕೊಳ್ಳಬಹುದು, ಊರಿನವರೂ ಕ್ಯಾನ್ ತಂದು ತುಂಬಿಸಿಕೊಳ್ಳುತ್ತಾರೆ. ಯೊಯಿಚಿ–ಒತಾರು ನಡುವೆ ಸಾಲು ಸುರಂಗಗಳು. ಒತಾರುವಿನಿಂದ ಇಶಿಕಾರಿವರೆಗೆ ಬಂದರು, ಗೋದಾಮುಗಳ ರಸ್ತೆ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಸುರಂಗ

ಈ ಪ್ರವಾಸದ ನಿಜವಾದ ಅಪಾಯ ಏರುಹಾದಿಯಲ್ಲ, ಕರಡಿಯೂ ಅಲ್ಲ. ಇಶಿಕಾರಿಯಿಂದ ಮಾಷಿಕೆವರೆಗಿನ 231ನೇ ಹೆದ್ದಾರಿಯಲ್ಲಿ ಕಡಲಿಗೆ ಕಡಿದಾಗಿ ಇಳಿಯುವ ಬಂಡೆಗಳನ್ನು ಕೊರೆದು ಒಂದರ ಹಿಂದೊಂದು ಸುರಂಗ ಮಾಡಿದ್ದಾರೆ. ನಾಲ್ಕು ಕಿಲೋಮೀಟರಿಗೂ ಉದ್ದದ್ದು ಇದೆ. ಒಳಗೆ ತಣ್ಣಗೆ, ರಸ್ತೆ ಒದ್ದೆ, ಲಾರಿಯ ಸದ್ದು ಎಲ್ಲ ಗೋಡೆಗಳಿಗೂ ಬಡಿದು ಅದು ಹಿಂದಿನಿಂದ ಬರುತ್ತಿದೆಯೋ ಎದುರಿನಿಂದಲೋ ತಿಳಿಯುವುದಿಲ್ಲ.

ಸುರಂಗದ ಬಾಯಲ್ಲಿ ಪ್ರತಿಸಲವೂ ನಿಲ್ಲಿ. ತಂಪು ಕನ್ನಡಕ ತೆಗೆಯಿರಿ. ಬಿಸಿಲಿನಿಂದ ಒಳಹೊಕ್ಕ ಮೊದಲ ಕ್ಷಣಗಳಲ್ಲಿ ಕಣ್ಣಿಗೆ ಏನೂ ಕಾಣದು, ಹಿಂದಿನ ಚಾಲಕನ ಪಾಡೂ ಅದೇ. ಮುಂದಿನ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿರಲಿ. ಹಿಂದೆ ತಲಾ ಎರಡು ಕೆಂಪು ದೀಪ ಇರಲಿ: ಒಂದು ಕ್ಯಾರಿಯರ್‌ಗೆ ಕಟ್ಟಿದ್ದು ಸ್ಥಿರ, ಇನ್ನೊಂದು ಸೀಟಿನಡಿ ಮಿನುಗುವುದು. ಮಲಗುವ ಚೀಲವೋ ಟೆಂಟೋ ದೀಪಕ್ಕೆ ಅಡ್ಡ ಬಂದಿದೆಯೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಹೊಳೆಯುವ ಪಟ್ಟಿಯ ಜಾಕೆಟ್ ಇಬ್ಬರಿಗೂ ಬೇಕು.

ಬಯಲು ರಸ್ತೆಯಲ್ಲಿ ನಿಮ್ಮಿಬ್ಬರ ನಡುವೆ ಕಾರೊಂದು ನುಸುಳಿ ನಿಲ್ಲುವಷ್ಟು ಅಂತರ ಬಿಡುವುದು ಒಳ್ಳೆಯದು. ಸುರಂಗದಲ್ಲಿ ತದ್ವಿರುದ್ಧ: ಮೂರು ನಾಲ್ಕು ಮೀಟರ್ ಅಂತರದಲ್ಲಿ ಒಟ್ಟಿಗೇ ಸಾಗಿ, ಲಾರಿ ಒಂದೇ ಸಲಕ್ಕೆ ಇಬ್ಬರನ್ನೂ ದಾಟಿಹೋಗಲಿ. ನಿಧಾನ ತುಳಿಯುವವರು ಮುಂದೆ, ಗಟ್ಟಿಗರು ಹಿಂದೆ. ಒದ್ದೆ ಬಿಳಿ ಗೆರೆಯ ಮೇಲೆ ಚಕ್ರ ಹತ್ತಿಸಬೇಡಿ, ಜಾರುತ್ತದೆ. ಪಕ್ಕದಲ್ಲಿ ಮೀಟರಿಗೂ ಅಗಲವಾದ ಕಟ್ಟೆಯಿದ್ದರೆ ಇಳಿದು ತಳ್ಳಿಕೊಂಡು ನಡೆಯಿರಿ. ಅರ್ಧ ಗಂಟೆ ತಡವಾದರೆ ಆಗಲಿ.

ಮಾಷಿಕೆಯಿಂದ ಮುಂದೆ

ರುಮೊಯ್‌ನಿಂದ ತೆಶಿಯೊವರೆಗೆ 232ನೇ ಹೆದ್ದಾರಿ. ತೊಮಮಾಯೆ, ಹಬೊರೊ, ಎಂಬೆತ್ಸು ಹೀಗೆ ಅಂಗಡಿಯಿರುವ ಊರುಗಳು ಬರುತ್ತಲೇ ಇರುತ್ತವೆ. ನಡುವೆ ಪುಟ್ಟ ಪುಟ್ಟ ಏರಿಳಿತ, ಒಂದೂ ದೊಡ್ಡದಲ್ಲ, ಸಂಜೆಗೆ ಕಾಲು ಮಾತ್ರ ಸೋತಿರುತ್ತದೆ. ತೆಶಿಯೊ ದಾಟಿದರೆ 106ನೇ ಪ್ರಾಂತೀಯ ರಸ್ತೆ, ಸುಮಾರು 70 ಕಿಮೀ. ಎಡಕ್ಕೆ ಕಡಲು, ಕಡಲಾಚೆ 1,721 ಮೀಟರ್ ಎತ್ತರದ ರಿಶಿರಿ ಬೆಟ್ಟ, ಬಲಕ್ಕೆ ಸರೊಬೆತ್ಸು ಜೌಗು. ವಿದ್ಯುತ್ ಕಂಬವಿಲ್ಲ, ಮರವಿಲ್ಲ, ಅಂಗಡಿಯೂ ಇಲ್ಲ. ತೆಶಿಯೊದಲ್ಲೇ ತಲಾ ಮೂರು ಲೀಟರ್ ನೀರು, ಎರಡು ಹೊತ್ತಿನ ಊಟ ಕಟ್ಟಿಕೊಂಡು ಹೊರಡಿ. ಹಿಂದಿನ ರಾತ್ರಿ ಗಾಳಿಯ ಮುನ್ಸೂಚನೆ ನೋಡಿ. ಉತ್ತರದ ಗಾಳಿ ಬಲವಾಗಿದ್ದರೆ ತೆಶಿಯೊದಲ್ಲಿ ಒಂದು ದಿನ ಉಳಿಯಿರಿ, ಇಲ್ಲವೇ ಒಳಗಿನ 40ನೇ ಹೆದ್ದಾರಿ ಹಿಡಿದು ತೊಯೊತೊಮಿ ಕಡೆಯಿಂದ ಬನ್ನಿ. ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಎಣ್ಣೆಯ ಅಂಶ ತೇಲುತ್ತದೆ, ವಾಸನೆ ಸೀಮೆಎಣ್ಣೆಯದ್ದೇ, ಚರ್ಮಕ್ಕೆ ಒಳ್ಳೆಯದೆಂದು ದೂರದಿಂದಲೂ ಬರುತ್ತಾರೆ.

ವಕ್ಕನಾಯ್‌ನಿಂದ ಸೊಯಾ ಭೂಶಿರ ಇನ್ನೂ 30 ಕಿಮೀ. ಎರಡು ದಿನ ಹೆಚ್ಚಿದ್ದರೆ ರಿಶಿರಿ ದ್ವೀಪಕ್ಕೆ ಫೆರಿಯಲ್ಲಿ ಹೋಗಿ ಒಂದು ಸುತ್ತು ಹಾಕಿ, ಸುಮಾರು 60 ಕಿಮೀ, ಭಾರವಿಲ್ಲದ ಸೈಕಲ್‌ಗೆ ಒಂದು ದಿನದ ಕೆಲಸ.

ದಿನದ ವೇಳೆ

ಜುಲೈನಲ್ಲಿ ಇಲ್ಲಿ ಬೆಳಗ್ಗೆ ನಾಲ್ಕು ಗಂಟೆಯ ಸುಮಾರಿಗೇ ಸೂರ್ಯ ಹುಟ್ಟುತ್ತಾನೆ. ಐದಕ್ಕೆ ಸೈಕಲ್ ಮೇಲಿದ್ದರೆ ಮಧ್ಯಾಹ್ನ ಹನ್ನೆರಡರೊಳಗೆ ದಿನದ ದೂರ ಮುಗಿಯುತ್ತದೆ, ಗಾಳಿ ಏಳುವ ಮೊದಲೇ. ಕ್ಯಾಂಪ್ ಜಾಗಗಳ ಕಚೇರಿ ಹಲವೆಡೆ ಸಂಜೆ ಐದಕ್ಕೆ ಮುಚ್ಚುವುದರಿಂದಲೂ ಬೇಗ ತಲುಪುವುದು ಲೇಸು. ಪುರಸಭೆಗಳು ನಡೆಸುವ ಕ್ಯಾಂಪ್ ಜಾಗಗಳಲ್ಲಿ ಕೆಲವು ಉಚಿತ, ಉಳಿದವು ಬಹುಪಾಲು ತಲಾ 500ರಿಂದ 1,500 ಯೆನ್. ‘ಮಿಚಿ ನೊ ಎಕಿ’ ಎಂಬ ಹೆದ್ದಾರಿ ತಂಗುದಾಣಗಳ ಶೌಚಾಲಯ ರಾತ್ರಿಯಿಡೀ ತೆರೆದಿರುತ್ತದೆ, ಆದರೆ ಅಂಗಳ ಟೆಂಟ್ ಹಾಕುವುದಕ್ಕಲ್ಲ.

ಟೆಂಟ್ ಮುಂದೆ ಊಟದ ಚೀಲ ಬಿಟ್ಟು ಕೈತೊಳೆಯಲು ಹೋಗಬೇಡಿ. ಕಾಗೆಗಳು ಸೈಕಲ್‌ಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲವನ್ನು ಕೊಕ್ಕಿನಿಂದ ಸೀಳಿ ಬ್ರೆಡ್ಡನ್ನಷ್ಟೇ ಎಳೆದುಕೊಳ್ಳುತ್ತವೆ, ನರಿಗಳು ಹೊರಗಿಟ್ಟ ಚಪ್ಪಲಿಯನ್ನೂ ಒಯ್ಯುತ್ತವೆ. ಆ ನರಿಗಳಿಂದ ಹರಡುವ ಎಕಿನೊಕಾಕಸ್ ಹುಳುವಿನ ಭಯದಿಂದಲೇ ಹೊಕ್ಕೈದೊದಲ್ಲಿ ತೊರೆಯ ನೀರನ್ನು ಕಾಯಿಸದೆ ಕುಡಿಯಬಾರದು. ನಲ್ಲಿ ನೀರನ್ನು ಸಾಮಾನ್ಯವಾಗಿ ಧಾರಾಳವಾಗಿ ಕುಡಿಯಬಹುದು. ಕಂದು ಕರಡಿ ಇರುವ ನಾಡು, ಕಾಡಿನ ರಸ್ತೆಯಲ್ಲಿ ಗಂಟೆ ಕಟ್ಟಿಕೊಳ್ಳಿ, ಕ್ಯಾಂಪ್ ಜಾಗ ಬಿಟ್ಟು ಬೇರೆಲ್ಲೂ ಟೆಂಟ್ ಹಾಕಬೇಡಿ.

ಸೈಕಲ್ ಮತ್ತು ಬಿಡಿಭಾಗ

ಇಬ್ಬರ ಸೈಕಲ್‌ಗೂ ಒಂದೇ ಅಳತೆಯ ಟೈರ್, ಒಂದೇ ಜಾತಿಯ ವಾಲ್ವ್, ಅಷ್ಟೇ ಸ್ಪೀಡಿನ ಚೈನ್ ಇದ್ದರೆ ಒಯ್ಯುವ ಸಾಮಾನು ಅರ್ಧಕ್ಕಿಳಿಯುತ್ತದೆ. 700×35ರಿಂದ 40ರ ಟೈರ್ ಸಾಕು. 26 ಇಂಚಿನ ಸೈಕಲ್ ಒಯ್ಯುವವರು ಎಚ್ಚರ: ಜಪಾನಿನ ಊರಂಗಡಿಯಲ್ಲಿ ಸಿಗುವ 26 ಇಂಚು ಹೆಚ್ಚಾಗಿ ಮನೆಬಳಕೆಯ ಸೈಕಲಿನ 26×1 3/8. ಅದರ ರಿಮ್ ವ್ಯಾಸ 590 ಮಿಮೀ, ಮೌಂಟನ್ ಬೈಕಿನದು 559. ಟೈರ್ ಕೂರುವುದೇ ಇಲ್ಲ.

ನಾಲ್ಕು ಟ್ಯೂಬ್, ಪಂಚರ್ ಕಿಟ್, ಎರಡು ಜೊತೆ ಬ್ರೇಕ್ ಪ್ಯಾಡ್, ಗೇರ್ ಮತ್ತು ಬ್ರೇಕಿನ ತಲಾ ಒಂದು ಕೇಬಲ್, ಚೈನ್ ಕೂಡಿಸುವ ಎರಡು ಕ್ವಿಕ್ ಲಿಂಕ್, ಹಿಂಚಕ್ರದ ಎರಡೂ ಬದಿಯ ಅಳತೆಯ ಸ್ಪೋಕ್‌ಗಳು, ಕ್ಯಾರಿಯರ್‌ನ ಎಂ5 ಬೋಲ್ಟ್ ಆರು. ಇವೆಲ್ಲಕ್ಕಿಂತ ಮುಖ್ಯ ಹಿಂದಿನ ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು), ಪ್ರತಿ ಸೈಕಲ್‌ಗೆ ಅದರದೇ. ವಿಮಾನದಲ್ಲೋ ರೈಲಿನಲ್ಲೋ ಬಗ್ಗುವ ಭಾಗ ಅದು, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಸಣ್ಣ ಊರಲ್ಲಿ ಸಿಕ್ಕುವುದಿಲ್ಲ. ಕ್ಯಾರಿಯರ್ ಬೋಲ್ಟ್‌ಗಳನ್ನು ಪ್ರತಿ ಬೆಳಗ್ಗೆ ಅಲೆನ್ ಕೀ ಹಿಡಿದು ಮುಟ್ಟಿ ನೋಡಿ. ಒಂದು ಸಡಿಲವಾದರೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದು ಮುರಿಯುತ್ತದೆ, ಮುರಿದ ತುಂಡು ಫ್ರೇಮಿನೊಳಗೇ ಉಳಿಯುತ್ತದೆ.

ಸ್ಟೌವ್‌ಗೆ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಉದ್ದ ಕೊಳವೆಯಾಕಾರದ ಕ್ಯಾಸೆಟ್ ಗ್ಯಾಸ್ ಬಳಸುವ ಸ್ಟೌವ್ ತೆಗೆದುಕೊಳ್ಳಿ. ಆ ಡಬ್ಬಿ ಸೂಪರ್ ಮಾರ್ಕೆಟ್, ಹೋಮ್ ಸೆಂಟರ್ ಎಂಬ ಮನೆಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಗುಂಡನೆಯ ಕ್ಯಾಂಪಿಂಗ್ ಡಬ್ಬಿಗೆ ದೊಡ್ಡ ಊರಿನ ಅಂಗಡಿಯೇ ಬೇಕು.

ಸಸ್ಯಾಹಾರಿಗಳ ಊಟ

ಹೊಟೇಲಿನ ಸಾರು, ಪಲ್ಯ, ನೂಡಲ್ಸ್ ಎಲ್ಲದರಲ್ಲೂ ‘ದಾಶಿ’, ಅಂದರೆ ಬಹುಪಾಲು ಒಣಮೀನಿನ ಸಾರ, ಇರುತ್ತದೆಂದೇ ಎಣಿಸಿ. ಮೀನಿನ ತುಂಡು ಕಾಣದಿದ್ದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಹಾಗಾಗಿ ಸೂಪರ್ ಮಾರ್ಕೆಟ್ಟೇ ಅಡುಗೆಮನೆ. ಬೇಯಿಸಿ ಸೀಲು ಮಾಡಿದ 200 ಗ್ರಾಮಿನ ಅನ್ನದ ಪೊಟ್ಟಣವನ್ನು ಕುದಿನೀರಿನಲ್ಲಿ 15 ನಿಮಿಷ ಇಟ್ಟರೆ ಬಿಸಿ ಅನ್ನ. 400 ಗ್ರಾಮಿನ ಸಿಹಿಯಿಲ್ಲದ ಮೊಸರಿನ ಡಬ್ಬಿ ಎಲ್ಲ ಊರಲ್ಲೂ ಸಿಗುತ್ತದೆ, ಹೊಕ್ಕೈದೊ ಹಾಲಿನ ನಾಡು. ಎರಡು ಪೊಟ್ಟಣ ಅನ್ನ, ಒಂದು ಡಬ್ಬಿ ಮೊಸರು, ಉಪ್ಪು: ಇಬ್ಬರಿಗೆ ಹದವಾದ ಮೊಸರನ್ನ. ಊರಿನಿಂದ ಅರ್ಧ ಕಿಲೋ ಚಟ್ನಿಪುಡಿ, ಸಾರಿನ ಪುಡಿ ತನ್ನಿ. ಹಸಿ ಕರಿಬೇವು, ಹಣ್ಣು, ಮಾಂಸದ ಯಾವ ಪದಾರ್ಥವನ್ನೂ ತರಬೇಡಿ, ಅವುಗಳಿಗೆ ತಪಾಸಣೆಯಲ್ಲಿ ತಡೆಯಿದೆ. ಬೆಂದ ಜೋಳ, ಆಲೂಗಡ್ಡೆ, ತೋಫು, ಬಾಳೆಹಣ್ಣು ಧಾರಾಳ. ಬೆವರಿನಲ್ಲಿ ಹೋದ ಉಪ್ಪಿಗೆ ಔಷಧಂಗಡಿಯಲ್ಲಿ ಒಂದು ಲೀಟರಿಗೆ ಒಂದರಂತೆ ಬೆರೆಸುವ ಪುಡಿಯ ಪೊಟ್ಟಣ ಕೊಳ್ಳಿ. ಬರಿ ನೀರನ್ನೇ ಕುಡಿಯುತ್ತ ಹೋದರೆ ಸಂಜೆಗೆ ತಲೆನೋವು, ಮೀನಖಂಡದ ಸೆಳೆತ ಬರಬಹುದು.

ಕಾನೂನು, ಸ್ನಾನ

ಅಕ್ಕಪಕ್ಕ ಮಾತಾಡುತ್ತ ಸೈಕಲ್ ತುಳಿಯುವುದು ಅಲ್ಲಿ ಅಪರಾಧ, ಗಂಡ ಹೆಂಡತಿಯಾದರೂ ಸಾಲಾಗಿಯೇ ಹೋಗಬೇಕು. ದೊಡ್ಡ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಲು ಮಧ್ಯಕ್ಕೆ ಬರಬಾರದು: ನೇರ ದಾಟಿ, ಆಚೆ ಮೂಲೆಯಲ್ಲಿ ನಿಂತು, ಮುಂದಿನ ಹಸಿರು ದೀಪಕ್ಕೆ ಹೊರಡಬೇಕು. ತಲೆಕೆಳಗಾದ ಕೆಂಪು ತ್ರಿಕೋನ ಕಂಡಲ್ಲಿ ಕಾಲು ನೆಲಕ್ಕೆ ಊರಿ ನಿಲ್ಲಿ. 2026ರ ಏಪ್ರಿಲ್‌ನಿಂದ ಸೈಕಲ್ ಸವಾರರಿಗೂ ಸ್ಥಳದಲ್ಲೇ ದಂಡದ ಚೀಟಿ, ಫೋನ್ ಹಿಡಿದು ತುಳಿದರೆ 12,000 ಯೆನ್. ನಕ್ಷೆ ನೋಡಬೇಕಾದರೆ ನಿಂತು ನೋಡಿ. ತುರ್ತಿಗೆ ಆಂಬ್ಯುಲೆನ್ಸ್ 119, ಪೊಲೀಸ್ 110.

ಸಾರ್ವಜನಿಕ ಬಿಸಿನೀರಿನ ಮನೆಗಳಿಗೆ ತಲಾ 500–700 ಯೆನ್. ಹೆಣ್ಣು ಗಂಡು ಬೇರೆ ಬೇರೆ, ಆದ್ದರಿಂದ ಎಷ್ಟು ಹೊತ್ತಿಗೆ ಎಲ್ಲಿ ಸೇರುವುದೆಂದು ಒಳಹೋಗುವ ಮೊದಲೇ ಮಾತಾಡಿಕೊಳ್ಳಿ. ಮೊದಲು ಸಾಬೂನು ಹಚ್ಚಿ ಪೂರ್ತಿ ತೊಳೆದುಕೊಂಡೇ ತೊಟ್ಟಿಗಿಳಿಯಬೇಕು, ಬಟ್ಟೆ ಧರಿಸುವಂತಿಲ್ಲ. ಸೈಕಲ್ ಚಡ್ಡಿಯನ್ನು ದಿನವೂ ಒಗೆಯಿರಿ, ತೊಡೆಯ ಸಂದಿಯ ಹುಣ್ಣು ಶುರುವಾಗುವುದು ಬೆವರು, ಉಜ್ಜಾಟ, ಕೊಳೆಯಿಂದ.

ಹಿಂತಿರುಗುವ ರೈಲು

ವಕ್ಕನಾಯ್‌ನಿಂದ ಸಪ್ಪೊರೊಗೆ ಎಕ್ಸ್‌ಪ್ರೆಸ್‌ನಲ್ಲಿ ಐದು ಗಂಟೆಗೂ ಹೆಚ್ಚು. ದಿನಕ್ಕೆ ಕೆಲವೇ ರೈಲು, ಸೀಟು ಮೊದಲೇ ಕಾದಿರಿಸಿ, ಬೋಗಿಯ ಕೊನೆಯ ಸಾಲನ್ನೇ ಕೇಳಿ, ಸೀಟಿನ ಹಿಂದೆ ಸೈಕಲ್ ನಿಲ್ಲಿಸಲು ಜಾಗವಿರುತ್ತದೆ. ಸೈಕಲ್‌ಗೆ ಬೇರೆ ಟಿಕೆಟ್ ಇಲ್ಲ, ಆದರೆ ಬಿಚ್ಚಿ ‘ರಿಂಕೊ’ ಎಂಬ ಸೈಕಲ್ ಒಯ್ಯುವ ಚೀಲದೊಳಗೆ ಪೂರ್ತಿ ಮುಚ್ಚಿರಬೇಕು. ಸೀಟಾಗಲಿ ಹ್ಯಾಂಡಲ್ಲಾಗಲಿ ಹೊರಗೆ ಇಣುಕಿದರೂ ಗೇಟಿನಲ್ಲಿ ತಡೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಸೇರಿ 250 ಸೆಂಮೀ, ತೂಕ 30 ಕಿಲೋ ಮಿತಿ. ಎರಡೂ ಚಕ್ರ ತೆಗೆದು ಫ್ರೇಮಿನ ಇಬ್ಬದಿಗೆ ಮೂರು ಪಟ್ಟಿಯಿಂದ ಬಿಗಿಯಿರಿ, ಹಿಂದಿನ ಡಿರೈಲರ್ ಕಳಚಿ ಚಿಂದಿಯಲ್ಲಿ ಸುತ್ತಿ ಫ್ರೇಮಿನೊಳಗೆ ಕಟ್ಟಿ. ಕ್ಯಾರಿಯರ್, ಮಡ್‌ಗಾರ್ಡ್ ಇರುವ ಸೈಕಲ್‌ಗೆ ಸಾಮಾನ್ಯ ಚೀಲ ಸಾಲದು, ಪ್ರವಾಸಿ ಸೈಕಲಿನ ದೊಡ್ಡ ಚೀಲವನ್ನೇ ಕೊಳ್ಳಿ, ಹೊರಡುವ ಮುನ್ನ ಮನೆಯಲ್ಲಿ ಎರಡು ಸಲ ಮಾಡಿ ನೋಡಿ. ಪಕ್ಕದ ಚೀಲಗಳು ಒಟ್ಟು ಎಂಟಿರುತ್ತವೆ. ಅವನ್ನು ತಲಾ ಒಂದು ದೊಡ್ಡ ನೈಲಾನ್ ಚೀಲಕ್ಕೆ ತುಂಬಿ, ಒಬ್ಬರು ಸಾಮಾನಿನ ಬಳಿ ನಿಂತು ಇನ್ನೊಬ್ಬರು ಪ್ಲಾಟ್‌ಫಾರಂಗೆ ಸಾಗಿಸಿ.

ವಿಮಾನಕ್ಕೆ ಬೇಕಾದ ರಟ್ಟಿನ ಪೆಟ್ಟಿಗೆಗೆ ಸಪ್ಪೊರೊ ತಲುಪುವ ಮೂರು ನಾಲ್ಕು ದಿನ ಮೊದಲೇ ಅಲ್ಲಿನ ಸೈಕಲ್ ಅಂಗಡಿಗೆ ತಿಳಿಸಿ, ಎರಡು ಬೇಕೆಂದು ಹೇಳಿ. ಖಾಲಿ ಪೆಟ್ಟಿಗೆ ಅವರಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.