ಬಾಗಿದ ಉಳಿಗೆ ಸಾಣೆ

ತುಮಕೂರಿನಲ್ಲಿ ನನಗೆ ಪರಿಚಯವಿರುವ ಮರಗೆಲಸದ ಆಚಾರ್ಯರೊಬ್ಬರು ತೇಗದ ಬಾಗಿಲುವಾಡವೊಂದಕ್ಕೆ ಕಮಲದ ಸಾಲು ಕೆತ್ತಿಕೊಡಲು ಒಪ್ಪಿಕೊಂಡಿದ್ದರು. ರಜೆಯ ದಿನಗಳಲ್ಲಿ ಅವರಲ್ಲಿ ಕೆತ್ತನೆ ಕಲಿಯಲು ಹೋಗುತ್ತಿದ್ದ ನನ್ನ ಮುಂದೆ ಆ ಭಾನುವಾರ ಮೊಂಡಾದ ಉಳಿಗಳ ಕಟ್ಟೊಂದನ್ನಿಟ್ಟು, "ಮೊದಲು ಇವಕ್ಕೆ ಬಾಯಿ ಬರಿಸಿ ಮೇಷ್ಟ್ರೇ, ಮರ ಎಲ್ಲಿಗೂ ಓಡಿಹೋಗಲ್ಲ" ಎಂದರು. ತೇಗದಲ್ಲಿ ಮರಳಿನ ಅಂಶವೇ ಆದ ಸಿಲಿಕಾ ಇರುವುದರಿಂದ ಅದು ಉಳಿಯ ಬಾಯನ್ನು ಬೇಗ ಸವೆಸುತ್ತದೆ; ಶಿವನಿಯಂಥ ಮೆದು ಮರದಲ್ಲಿ ಹೇಗೋ ಸಾಗುವ ಹರಿತ ಇಲ್ಲಿ ಸಾಲುವುದಿಲ್ಲ.

ಮೂಲೆಯಲ್ಲಿ ವಿದ್ಯುತ್ ಸಾಣೆಚಕ್ರ ಇತ್ತು. ಅದನ್ನು ಮುಟ್ಟಲು ಅವರು ಬಿಡಲಿಲ್ಲ. ಕೆತ್ತನೆ ಉಳಿಯ ತುದಿ ತೆಳುವಾದ್ದರಿಂದ ಚಕ್ರಕ್ಕೆ ಹಿಡಿದ ಕ್ಷಣದಲ್ಲೇ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿ ಉಕ್ಕು ನೀಲಿಗೆ ತಿರುಗಿತೆಂದರೆ ಅಷ್ಟು ಭಾಗದ ಹದ ಹೋದಂತೆಯೇ ಸರಿ. ಶಿವಾರಪಟ್ಟಣದ ಕಡೆಯ ಕಲ್ಲುಕೆಲಸದವರಾದರೆ ಉಳಿಯನ್ನು ಕುಲುಮೆಯಲ್ಲಿ ಕಾಸಿ, ಬಡಿದು, ಮತ್ತೆ ಹದ ಕೊಟ್ಟು ಮೊನೆ ಮಾಡಿಕೊಳ್ಳುವುದು ಹಳೆಯ ಕ್ರಮ. ಮರದ ಉಳಿಗೆ ಆ ಅನುಕೂಲವಿಲ್ಲ.

ಚಪ್ಪಟೆ ಉಳಿಯನ್ನು ಓರೆಯ, ಅಂದರೆ ಬಾಯಿಯತ್ತ ಇಳಿಜಾರಾಗಿ ಮಸೆದ ಮುಖದ, ಕೋನ ಬದಲಾಗದಂತೆ ಹಿಡಿದು ಸಾಣೆಕಲ್ಲಿನ ಮೇಲೆ ಹಿಂದೆ ಮುಂದೆ ಆಡಿಸಿದರೆ ಕೆಲಸ ಮುಗಿಯಿತು. ಬಾಗಿದ ಬಾಯಿಯ ಉಳಿಯಲ್ಲಾದರೋ 20ರಿಂದ 25 ಡಿಗ್ರಿಯ ಆ ಕೋನವನ್ನು ಕಾಯ್ದುಕೊಂಡೇ, ಉಳಿಯನ್ನು ಕಲ್ಲಿನ ಉದ್ದಕ್ಕೂ ಎಡದಿಂದ ಬಲಕ್ಕೆ ಸರಿಸುತ್ತ, ಅದೇ ಹೊತ್ತಿನಲ್ಲಿ ಹಿಡಿಯನ್ನು ಮಣಿಕಟ್ಟಿನಿಂದ ಹೊರಳಿಸುತ್ತ, ಬಾಯಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪ್ರತಿಯೊಂದು ಬಿಂದುವೂ ಕಲ್ಲಿಗೆ ಸಮನಾಗಿ ತಾಗುವಂತೆ ನೋಡಿಕೊಳ್ಳಬೇಕು. ಹೊರಳಿಕೆ ಸ್ವಲ್ಪ ಹೆಚ್ಚಾದರೆ ಮೂಲೆಗಳು ಸವೆದು ಉರುಟಾಗುತ್ತವೆ, ಕಡಿಮೆಯಾದರೆ ನಡುವೆ ಗುಳಿ ಬೀಳುತ್ತದೆ. ಓರೆಗೆ ಮಾರ್ಕರ್ ಪೆನ್ನಿನ ಮಸಿ ಬಳಿದುಕೊಂಡು ಮಸೆದರೆ, ಮಸಿ ಉಳಿದಿರುವ ಜಾಗವೇ ಕಲ್ಲು ತಾಗದ ಜಾಗವೆಂದು ತಿಳಿಯುತ್ತದೆ. ಆಚಾರ್ಯರಿಗೆ ಮಸಿ ಬೇಕಾಗಲಿಲ್ಲ. ಅವರು ಬಾಯನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ನೋಡುತ್ತಿದ್ದರು. ಮೊಂಡು ಇರುವ ಕಡೆ ಬಿಳಿಯ ಗೆರೆಯೊಂದು ಹೊಳೆಯುತ್ತದೆ, ನಿಜವಾಗಿ ಹರಿತವಾದ ಅಂಚಿನಿಂದ ಬೆಳಕು ಮರಳುವುದೇ ಇಲ್ಲ.

ಹೊರಗಿನ ಓರೆ ಸರಿಯಾದ ಮೇಲೆ ಒಳಮೈಯಲ್ಲಿ ಬೆರಳಿಗೆ ಸಿಗುವಂಥ ಸಣ್ಣ ತರಿ ಏಳುತ್ತದೆ. ಅದನ್ನು ತೆಗೆಯಲು ಅಂಚು ಉರುಟಾದ ಪುಟ್ಟ ಕಲ್ಲು ಬೇಕು, ಅದರ ದುಂಡು ಉಳಿಯ ಬಾಗಿಗಿಂತ ತುಸು ಕಿರಿದಾಗಿರಬೇಕು. ನಮ್ಮಲ್ಲಿ ಅಂಥದ್ದು ಇಲ್ಲದ ಅಳತೆಗಳಿಗೆ ದುಂಡುಕೋಲಿಗೆ ನಯವಾದ ಮರಳು ಕಾಗದ ಸುತ್ತಿಕೊಂಡೆವು. ಒಳಗಡೆ ತರಿ ತೆಗೆದರೆ ಸಾಕು, ಹೆಚ್ಚು ಉಜ್ಜಬಾರದು ಎಂಬುದು ಆಚಾರ್ಯರ ಪಟ್ಟು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಮಲದ ದಳದ ಉಬ್ಬನ್ನು ತಿದ್ದುವಾಗ ಉಳಿಯನ್ನು ಮಗುಚಿ ಹಿಡಿಯಬೇಕಾಗುತ್ತದೆ; ಆಗ ಒಳಗೂ ಒಂದು ಸಣ್ಣ ಓರೆ ಇದ್ದರೆ ಬಾಯಿ ಮರದೊಳಕ್ಕೆ ನುಗ್ಗದೆ ಮೇಲ್ಮೈಯನ್ನು ಅನುಸರಿಸಿ ಸಾಗುತ್ತದೆ. "ಒಂದು ಉಳಿಗೆ ಮಾಡಿ ನೋಡಿ, ಕೆಟ್ಟರೆ ನೀವೇ ಸರಿಮಾಡಿ" ಎಂದು ಅವರು ಅರೆಮನಸ್ಸಿನಿಂದ ಬಿಟ್ಟುಕೊಟ್ಟರು.

ಹೆಚ್ಚು ಹೊತ್ತು ತಿಂದದ್ದು ವಿ ಆಕಾರದ ಉಳಿ. ಅದರ ಎರಡು ರೆಕ್ಕೆಗಳನ್ನು ಚಪ್ಪಟೆ ಉಳಿಗಳಂತೆಯೇ ಮಸೆಯಬಹುದು. ತೊಡಕಿರುವುದು ಅವು ಕೂಡುವ ತಳದಲ್ಲಿ. ಅಲ್ಲಿ ಲೋಹ ದಪ್ಪವಾಗಿರುವುದರಿಂದ ರೆಕ್ಕೆಗಳು ಸವೆದಷ್ಟು ಬೇಗ ಅದು ಸವೆಯದೆ, ಕೊಕ್ಕಿನಂಥ ಮುಂಚಾಚು ಉಳಿದುಬಿಡುತ್ತದೆ. ಅದನ್ನು ನೇರವಾಗಿ ಉಜ್ಜಿ ತೆಗೆಯಲು ಹೋದರೆ ಬಾಯಿಯ ನಡುವೆ ಕಚ್ಚು ಬೀಳುತ್ತದೆ. ತಳದ ಹೊರ ಏಣನ್ನು ಅತಿ ಕಿರಿದಾದ ಬಾಗಿದ ಉಳಿಯೆಂದೇ ಎಣಿಸಿ, ಹಗುರವಾಗಿ ಹೊರಳಿಸುತ್ತ ಉರುಟಾಗಿಸಿದಾಗ ಕೊಕ್ಕು ನಿಧಾನವಾಗಿ ಕರಗಿತು.

ಕೊನೆಯ ಹೊಳಪಿಗೆ ಆಚಾರ್ಯರ ಉಪಾಯ ಸೊಗಸಾಗಿತ್ತು. ಪ್ರತಿ ಉಳಿಯಿಂದಲೂ ಶಿವನಿಯ ತುಂಡಿನಲ್ಲಿ ಅದರದೇ ಅಳತೆಯ ಕಾಲುವೆ ಕೊರೆದು, ಅದಕ್ಕೆ ಲೋಹಕ್ಕೆ ಹೊಳಪು ಕೊಡುವ ಪಾಲಿಶ್ ಮೇಣ ತಿಕ್ಕಿ, ಉಳಿಯನ್ನು ಅದರಲ್ಲಿ ಹಿಂದಕ್ಕೆ ಮಾತ್ರ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಬಾಯಿ ಮರಕ್ಕೆ ಇಳಿಯುತ್ತದೆ.

ಪರೀಕ್ಷೆಗೆ ಮರದ ನಾರಿಗೆ ಅಡ್ಡಲಾಗಿ ಕೊರೆದೆವು. ಹರಿತವಾದ ಉಳಿ ಹೋದ ದಾರಿ ಎಣ್ಣೆ ಸವರಿದಂತೆ ಹೊಳೆಯಿತು. ಒಂದು ಉಳಿ ಮಾತ್ರ ಪ್ರತಿ ಕೊರೆತದಲ್ಲೂ ಬಿಳಿಯ ಎಳೆಯೊಂದನ್ನು ಬಿಟ್ಟಿತು, ಬಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಉಳಿದಿತ್ತು. ಅದನ್ನು ಮತ್ತೆ ಕಲ್ಲಿಗೆ ಹಾಕಿದೆ. ಒಳ ಓರೆ ಕೊಟ್ಟಿದ್ದ ಉಳಿಯನ್ನು ಆಚಾರ್ಯರು ತಾವೇ ಮಗುಚಿ ಹಿಡಿದು ತೇಗದ ಮೇಲೆ ದಳವೊಂದರ ಉಬ್ಬನ್ನು ತಿದ್ದಿದರು, ಇನ್ನೊಂದನ್ನೂ ತಿದ್ದಿದರು, ಆಮೇಲೆ ಅದನ್ನು ನನಗೆ ಹಿಂದಿರುಗಿಸದೆ ತಮ್ಮ ಉಳಿಗಳ ಜೊತೆ ಇಟ್ಟುಕೊಂಡರು.