650 ರೂಪಾಯಿಯ ಮೇಣದ ಡಬ್ಬಿ

ನಮ್ಮ ಕಾರಿನ ಬಾನೆಟ್ ಮೇಲೆ ಒಂದು ವರ್ಷದಿಂದ ಮೂರು ಬೆರಳಿನ ಗುರುತು ಇತ್ತು. ಹೋದ ಸಲದ ಆಯುಧ ಪೂಜೆಯಲ್ಲಿ ಅಮ್ಮ ಎಳೆದ ಗಂಧ, ಅರಿಶಿನದ ಗೆರೆಗಳು. ಪೂಜೆ ಆದ ಮೇಲೆ ನಾನು ಒರೆಸಬೇಕಿತ್ತು, ಒರೆಸಲಿಲ್ಲ. ಹಬ್ಬದ ಮಾರನೇ ದಿನವೇ ಒರೆಸಿದರೆ ಅಮ್ಮ ಬೈತಾಳೆ ಅನ್ನುವುದು ನೆಪ. ಸೋಮಾರಿತನ ನಿಜವಾದ ಕಾರಣ. ಹತ್ತು ದಿನ ಬಿಸಿಲಲ್ಲಿ ಒಣಗಿದ ಮೇಲೆ ತೊಳೆದರೆ ಗಂಧ ಹೋಯಿತು, ಅದರ ಮಂಕು ಗುರುತು ಮಾತ್ರ ಹೋಗಲಿಲ್ಲ. ಕಡು ನೀಲಿ ಬಣ್ಣದ ಗಾಡಿ ಬೇರೆ. ಏನೇ ಆದರೂ ಎದ್ದು ಕಾಣುತ್ತದೆ.

ಈ ಸಲ ಹಬ್ಬಕ್ಕೆ ಮೊದಲೇ ವ್ಯಾಕ್ಸ್ ಹಚ್ಚಿಬಿಡೋಣ ಅಂತ ಒಂದು ಡಬ್ಬಿ ತರಿಸಿದೆ. 200 ಗ್ರಾಂಗೆ 650 ರೂಪಾಯಿ. ತುಪ್ಪಕ್ಕಿಂತ ದುಬಾರಿ ಅಂತ ಅಮ್ಮ ಬೆಲೆ ನೋಡಿದ ಕೂಡಲೇ ಲೆಕ್ಕ ಹಾಕಿದಳು. ಮುಚ್ಚಳ ತೆಗೆದರೆ ಒಳಗೆ ಇದ್ದದ್ದೂ ಹೆಚ್ಚುಕಮ್ಮಿ ಗಟ್ಟಿ ತುಪ್ಪದ ಹಾಗೇ. ತಿಳಿ ಹಳದಿ, ಸ್ವಲ್ಪ ಸೀಮೆಎಣ್ಣೆ ವಾಸನೆ.

ಡಬ್ಬಿ ಮೇಲೆ ‘ಕಾರ್ನೌಬಾ’ ಅಂತ ಬರೆದಿತ್ತು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯಿಂದ ಬರುವ ಮೇಣ ಇದು. ಅಲ್ಲಿ ಮಳೆ ಕಡಿಮೆ, ಒಣ ಹವೆ. ಎಲೆಯೊಳಗಿನ ನೀರು ಆರಿಹೋಗದಿರಲಿ ಅಂತ ಮರ ತನ್ನ ಎಲೆಗೆ ತಾನೇ ಮೇಣ ಸವರಿಕೊಳ್ಳುತ್ತದೆ. ಜನ ಆ ಎಲೆ ಕಡಿದು, ಒಣಗಿಸಿ, ಬಡಿದು, ಉದುರುವ ಪುಡಿಯನ್ನು ಕರಗಿಸಿ ಮೇಣ ಮಾಡುತ್ತಾರೆ. ಜೇನುಮೇಣ 62-64 ಡಿಗ್ರಿಗೆ ಕರಗಿದರೆ ಇದು ಕರಗಲು 80 ಡಿಗ್ರಿ ದಾಟಬೇಕು. ಬರೀ ಕಾರ್ನೌಬಾ ಕಲ್ಲಿನ ಹಾಗೆ ಗಟ್ಟಿ. ಕೈಯಲ್ಲಿ ಹಚ್ಚಲು ಬರಲಿ ಅಂತ ಎಣ್ಣೆ, ಸಾಲ್ವೆಂಟ್ ಬೆರೆಸಿ ಮೆತ್ತಗೆ ಮಾಡಿರುತ್ತಾರೆ. ಆ ವಾಸನೆ ಅದರದ್ದು.

ಇದೇ ಮೇಣವನ್ನು ಮಿಠಾಯಿಗೂ ಮಾತ್ರೆಗೂ ಹೊಳಪಿಗೆ ಹಚ್ಚುತ್ತಾರೆ ಅಂತ ಮಗಳಿಗೆ ಹೇಳಿದ್ದೇ ತಪ್ಪಾಯಿತು. ಅವಳು ಓಡಿಹೋಗಿ ತನ್ನ ಚಾಕಲೇಟ್ ಗುಳಿಗೆ ಪೊಟ್ಟಣ ತಂದು, ಸಣ್ಣ ಅಕ್ಷರದಲ್ಲಿ 903 ಅನ್ನುವ ನಂಬರ್ ಹುಡುಕಿ ತೋರಿಸಿದಳು. ಹೌದು, ಅದೇ, ತಿನ್ನುವ ಪದಾರ್ಥಗಳ ಪಟ್ಟಿಯಲ್ಲಿ ಈ ಮೇಣಕ್ಕಿರುವ ನಂಬರ್. ‘ಹಾಗಾದ್ರೆ ಇದನ್ನೂ ನೆಕ್ಕಬಹುದಾ?’ ಅಂದಳು. ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟೆ.

ಹಬ್ಬದ ಹಿಂದಿನ ಭಾನುವಾರ ಶುರು ಮಾಡಿದೆ. ಬನಶಂಕರಿಯ ನಮ್ಮ ಬಾಡಿಗೆ ಮನೆಗೆ ಕಾರ್ ಶೆಡ್ ಇಲ್ಲ. ಗಾಡಿ ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಬಿಸಿಲಿನಿಂದ ಕಾಪಾಡುವ ಮರವೇ ಕಾಗೆಗಳಿಗೂ ಜಾಗ ಕೊಟ್ಟಿದೆ. ತೊಳೆಯಲು ಎರಡು ಬಕೆಟ್ ಇಟ್ಟುಕೊಂಡೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೊದಲೆಲ್ಲ ಪೈಪ್ ಹಿಡಿದು ತೊಳೆಯುತ್ತಿದ್ದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗಿಂದ ಪೈಪ್ ಬಿಟ್ಟೆ. ನಮ್ಮದು ಬೋರ್ ನೀರೇ. ಆದರೂ ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುತ್ತಿರುವಾಗ ಪೈಪ್ ಹಿಡಿದು ನಿಲ್ಲಲು ಮುಖ ಬರಲಿಲ್ಲ.

ಎದುರು ಮನೆಯವರು ಪೇಪರ್ ಎತ್ತಿಕೊಳ್ಳಲು ಬಂದವರು ನಿಂತು ನೋಡಿದರು. ‘ಏನ್ರೀ, ಗಾಡಿ ಮಾರ್ತಿದೀರಾ?’

ತೊಳೆದು ಒರೆಸಿದ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಸವರಿದೆ. ಎಲ್ಲೋ ಕಲಿತದ್ದು. ಬರಿಗೈಗೆ ನುಣ್ಣಗಿದ್ದದ್ದು ಕವರ್ ಒಳಗಿನಿಂದ ಸವರಿದರೆ ರವೆ ಚೆಲ್ಲಿದ ಹಾಗೆ ಒರಟಾಗಿತ್ತು. ಧೂಳು, ಮರದ ಅಂಟು, ಬ್ರೇಕಿನ ಕಬ್ಬಿಣದ ಪುಡಿ, ಎಲ್ಲ ಬಣ್ಣಕ್ಕೆ ಕಚ್ಚಿಕೊಂಡು ಕೂತಿರುತ್ತದೆ. ಅದನ್ನು ಕೀಳಲು ಒಂದು ತರಹದ ಜೇಡಿಮಣ್ಣಿನ ಉಂಡೆ ಸಿಗುತ್ತದೆ. ನಾನು ತಂದಿರಲಿಲ್ಲ. ಇರಲಿ ಬಿಡು ಅಂತ ಮುಂದೆ ಹೋದೆ.

ಕಾರನ್ನು ಅಂಗೈಯಗಲ ಅಂಗೈಯಗಲ ಒರೆಸುವಾಗ ಏನೇನೋ ಗೊತ್ತಾಗುತ್ತದೆ. ಹಿಂದಿನ ಎಡ ಬಾಗಿಲ ಕೆಳಗೆ ಹಪ್ಪಳದಷ್ಟು ಅಗಲದ ತಗ್ಗು. ನಾನು ನೋಡಿಯೇ ಇರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ‘ಅದು ಮೊದಲೇ ಇತ್ತಲ್ಲ’ ಅಂದು ಒಳಗೆ ಹೋದಳು. ಆಮೇಲೆ ಅರ್ಧ ಗಂಟೆ ಆಚೆ ಬರಲಿಲ್ಲ.

ಇನ್ನೊಂದು, ಬಿಸಿಲು ಓರೆಯಾಗಿ ಬಿದ್ದಾಗ ಬಣ್ಣದ ತುಂಬಾ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೀರುಗಳು. ಇವು ಯಾರೋ ಮಾಡಿದ್ದಲ್ಲ. ಮೂರು ವರ್ಷ ನನ್ನ ಹಳೇ ಬನಿಯನ್ನಿನಲ್ಲಿ ಧೂಳನ್ನು ಒಣಗಿದ್ದ ಹಾಗೇ ಒರೆಸಿದ್ದು ನಾನೇ. ಧೂಳೆಂದರೆ ಮರಳು ಅಲ್ವಾ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಅನ್ನುತ್ತಾರಲ್ಲ, ಅದು ತಲೆಕೂದಲಿಗಿಂತ ತೆಳು.

ಇಷ್ಟು ಹೊತ್ತಿಗೆ ಹತ್ತೂವರೆ. ಮರದ ನೆರಳು ಬಾನೆಟ್ ಬಿಟ್ಟು ಡಿಕ್ಕಿ ಕಡೆಗೆ ಸರಿದಿತ್ತು. ನನಗೆ ಅದರ ಖಬರಿಲ್ಲ. ಡಬ್ಬಿಯ ಜೊತೆ ಬಂದಿದ್ದ ಸ್ಪಂಜಿಗೆ ಮೇಣ ಬಳಿದುಕೊಂಡು ಹಚ್ಚಿದೆ, ಹಚ್ಚಿದೆ, ಇಡೀ ಗಾಡಿಗೆ ಹಚ್ಚಿದೆ. ಜಾಸ್ತಿ ಹಚ್ಚಿದಷ್ಟೂ ಜಾಸ್ತಿ ಹೊಳಪು ಅಂತ ನನ್ನ ಲೆಕ್ಕ. ಆಮೇಲೆ ಕಾಫಿ ಕುಡಿಯಲು ಒಳಗೆ ಹೋದೆ.

ವಾಪಸ್ ಬಂದು ನೋಡಿದರೆ ಗಾಡಿಗೆ ಸುಣ್ಣ ಬಳಿದ ಹಾಗಿತ್ತು. ಒರೆಸಲು ಹೋದೆ. ಡಿಕ್ಕಿ ಮೇಲಿನದು ಬಂತು. ಬಾನೆಟ್ ಮೇಲಿನದು ಬರಲೇ ಇಲ್ಲ. ಉಜ್ಜಿದರೆ ಅಲ್ಲಲ್ಲೇ ಮೆತ್ತಿಕೊಂಡು ಮೋಡ ಮೋಡವಾಯಿತು. ಬಾನೆಟ್ ಮುಟ್ಟಿದರೆ ಸುಡುತ್ತಿತ್ತು. ಆಗ ಕನ್ನಡಕ ಹಾಕಿಕೊಂಡು ಡಬ್ಬಿಯ ತಳ ಓದಿದೆ. ನೆರಳಿನಲ್ಲಿ ಹಚ್ಚಿ, ತಣ್ಣಗಿರುವಾಗ ಹಚ್ಚಿ, ಸ್ವಲ್ಪ ಸ್ವಲ್ಪ ಭಾಗ ಹಚ್ಚಿ ಒರೆಸುತ್ತಾ ಹೋಗಿ. ಇದನ್ನು ಮುಚ್ಚಳದ ಮೇಲೆ ಬರೆಯಬಾರದಿತ್ತಾ?

ಸದ್ದು ಕೇಳಿ ಅಮ್ಮ ಬಂದಳು. ಬೆರಳ ತುದಿಯಲ್ಲಿ ಒಂದು ಗೆರೆ ಎಳೆದು ನೋಡಿದಳು. ‘ದೋಸೆ ಕಾವಲಿಗೆ ಎಣ್ಣೆ ಸವರೋ ಹಾಗೆ ಸವರಬೇಕು ಕಣೋ. ನೀನು ಬಜ್ಜಿ ಕರಿಯೋಕೆ ಹೊರಟಿದೀಯ.’

ಅವಳಿಗೆ ಮೇಣದ ವಿಷಯ ಚೆನ್ನಾಗಿ ಗೊತ್ತು. ತಿಪಟೂರಿನ ನಮ್ಮ ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು. ದೀಪಾವಳಿಗೆ ಮುಂಚೆ ಮೊಣಕಾಲೂರಿ ಇಡೀ ನಡುಮನೆಗೆ ಕೆಂಪು ಪಾಲಿಶ್ ಹಚ್ಚುತ್ತಿದ್ದಳು. ಒಣಗಿದ ಮೇಲೆ ಗೋಣಿಚೀಲದ ಮೇಲೆ ನನ್ನನ್ನೂ ತಂಗಿಯನ್ನೂ ಕೂರಿಸಿ ಆ ಮೂಲೆಯಿಂದ ಈ ಮೂಲೆಗೆ ಎಳೆಯುತ್ತಿದ್ದಳು. ನಮಗೆ ಆಟ, ಅವಳಿಗೆ ಹೊಳಪು. ನಮ್ಮ ಭಾರಕ್ಕೆ ನೆಲ ಕನ್ನಡಿಯಾಗುತ್ತಿತ್ತು. ಅಷ್ಟಕ್ಕೂ ಅವಳು ಬಳಸುತ್ತಿದ್ದದ್ದು ನಿಂಬೆಕಾಯಿ ಗಾತ್ರದ ಪಾಲಿಶ್. ನಾನು ಅವತ್ತು ಅರ್ಧ ಡಬ್ಬಿ ಖಾಲಿ ಮಾಡಿದ್ದೆ.

ಗಾಡಿಯನ್ನು ನೆರಳಿಗೆ ಸರಿಸಿ, ಬಾನೆಟ್ ತಣ್ಣಗಾಗಲು ಬಿಟ್ಟೆ. ಮಧ್ಯಾಹ್ನ ಊಟ ಮಾಡಿ ಬಂದು, ಅಂಟಿಕೊಂಡ ಮೇಣದ ಮೇಲೆಯೇ ಚೂರು ಹೊಸ ಮೇಣ ಸವರಿ, ಕೂಡಲೇ ಒರೆಸಿದೆ. ಹೊಸದರಲ್ಲಿರುವ ಸಾಲ್ವೆಂಟ್ ಹಳೆಯದನ್ನು ಮೆತ್ತಗೆ ಮಾಡುತ್ತದೆ. ಮೋಡ ಬಿಟ್ಟುಕೊಂಡಿತು. ಆಮೇಲೆ ಉಳಿದ ಕಡೆಯಲ್ಲಿ ಅಮ್ಮನ ಲೆಕ್ಕದಂತೆ ಒಂದೊಂದೇ ಭಾಗ ಮಾಡಿದೆ. ಬೆರಳಲ್ಲಿ ಗೆರೆ ಎಳೆದರೆ ಅಚ್ಚುಕಟ್ಟಾಗಿ ಕೆಳಗಿನ ಬಣ್ಣ ಕಾಣಬೇಕು. ಕಲಸಿದ ಹಾಗಾದರೆ ಇನ್ನೂ ಒಣಗಿಲ್ಲ, ಕಾಯಬೇಕು.

ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ ಮೇಲೆ ಬಿದ್ದ ಮೇಣ ಮಾತ್ರ ಬಿಳಿ ಕಲೆಯಾಗಿ ಕೂತಿತ್ತು. ಸೋಪಿಗೆ ಜಗ್ಗಲಿಲ್ಲ. ಅಡುಗೆಮನೆಯ ಕಡಲೆಕಾಯಿ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ಉಜ್ಜಿದೆ. ಹೋಯಿತು. ಸಂಜೆವರೆಗೂ ಗಾಡಿ ಒಗ್ಗರಣೆ ವಾಸನೆ ಹೊಡೆಯಿತು.

ಮೂರು ಬೆರಳಿನ ಗುರುತು? ಹೋಗಲಿಲ್ಲ. ಇನ್ನೂ ಚೆನ್ನಾಗಿ ಕಾಣಿಸಿತು, ಗಾಜು ಹಾಕಿಸಿದ ಫೋಟೋದ ಹಾಗೆ. ನಾವು ಎಲ್ಲವನ್ನೂ ಪಾಲಿಶ್ ಅಂದುಬಿಡುತ್ತೇವೆ. ಪಾಲಿಶ್‌ನಲ್ಲಿ ಉಜ್ಜಿ ತೆಗೆಯುವ ನುಣ್ಣನೆಯ ಪುಡಿ ಇರುತ್ತದೆ, ಅದು ಪದರವನ್ನು ಚೂರೇ ಚೂರು ಸವೆಸಿ ಗೀರು ಮರೆಸುತ್ತದೆ. ನಾನು ತಂದದ್ದು ಬರೀ ಮೇಣ. ಅದು ಇದ್ದದ್ದರ ಮೇಲೆ ಕೂರುತ್ತದೆ, ಅಷ್ಟೇ.

ಸಂಜೆ ಐದಕ್ಕೆ ಮಳೆ ಬಂತು. ಆರು ಗಂಟೆ ಉಜ್ಜಿದವನಿಗೆ ಹೇಗಾಗಬೇಡ? ಕೊಡೆ ಹಿಡಿದು ಹೊರಗೆ ಓಡಿದೆ. ಬಾನೆಟ್ ಮೇಲೆ ನೀರು ಹರಡಿಕೊಳ್ಳದೆ ಕೆಸುವಿನ ಎಲೆ ಮೇಲಿನ ಹಾಗೆ ಮಣಿ ಮಣಿಯಾಗಿ ನಿಂತಿತ್ತು. ಒಂದು ಮಣಿ ಇನ್ನೊಂದಕ್ಕೆ ತಾಗಿ, ದೊಡ್ಡದಾಗಿ, ಸರ್ ಅಂತ ಜಾರಿ ಬೀಳುತ್ತಿತ್ತು. ಮಗಳೂ ಬಂದಳು. ಇಬ್ಬರೂ ಸುಮ್ನೆ ನಿಂತು ಯಾವ ಮಣಿ ಮೊದಲು ಬೀಳುತ್ತದೆ ಅಂತ ಪಂಥ ಕಟ್ಟಿದೆವು. ಎದುರು ಮನೆಯವರು ಬಾಲ್ಕನಿಯಿಂದ ನೋಡುತ್ತಿದ್ದರು. ಈ ಸಲ ಏನೂ ಕೇಳಲಿಲ್ಲ.

ಆಯುಧ ಪೂಜೆ ದಿನ ಬೆಳಿಗ್ಗೆ ಅಮ್ಮ ತಟ್ಟೆ ಹಿಡಿದು ಬಂದಳು. ಗಂಧವನ್ನು ನೀರು ಹಾಕಿ ಸ್ವಲ್ಪ ತೆಳ್ಳಗೆ ಕಲಸಿದ್ದಳು. ಮೂರು ಬೆರಳು ಅದ್ದಿ ಬಾನೆಟ್ ಮೇಲೆ ಎಳೆದಳು. ಗೆರೆ ಕೂರಲಿಲ್ಲ. ಹನಿ ಹನಿಯಾಗಿ ಒಡೆದು ಇಳಿಜಾರಿನಲ್ಲಿ ಕೆಳಗೆ ಜಾರಿತು. ಇನ್ನೊಮ್ಮೆ ಎಳೆದಳು. ಅದೂ ಜಾರಿತು. ಹೂವಿನ ಹಾರಕ್ಕೆ ಅಂಟಿಸಿದ್ದ ಸೆಲ್ಲೋಟೇಪ್ ಆಗಲೇ ಒಂದು ಕಡೆ ಬಿಟ್ಟುಕೊಂಡಿತ್ತು.

‘ಏನೋ ಹಚ್ಚಿದೀಯ ಇದಕ್ಕೆ? ದೇವರ ಗಂಧಾನೂ ನಿಲ್ತಿಲ್ವಲ್ಲೋ!’

‘ನೀನೇ ಅಲ್ವಾ ಅಮ್ಮ ತೆಳ್ಳಗೆ ಸವರು ಅಂದಿದ್ದು.’

ಅಮ್ಮ ಒಂದು ನಿಮಿಷ ಗಾಡಿಯನ್ನು ಸುತ್ತಿ ನೋಡಿದಳು. ಆಮೇಲೆ ಬಗ್ಗಿ, ನಾನು ಮೇಣ ಹಚ್ಚದೇ ಬಿಟ್ಟಿದ್ದ ನಂಬರ್ ಪ್ಲೇಟಿಗೆ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟಳು. ಚೆನ್ನಾಗಿ ಕೂತಿತು.

‘ಇದನ್ನ ನಾಳೇನೇ ಒರೆಸು’ ಅಂದಳು.