ಬಾಬಿ ರಾಬ್ಸನ್‌ಗಾಗಿ ಎದ್ದು ನಿಂತ ಊರು

2009ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಫುಟ್‌ಬಾಲ್ ಬಗ್ಗೆ ಸಂತೋಷದಿಂದ ಮಾತನಾಡುವವರು ಸಿಗುತ್ತಿರಲಿಲ್ಲ. ನ್ಯೂಕ್ಯಾಸಲ್ ಯುನೈಟೆಡ್ ತಂಡ ಮೇ 24ರಂದು ಆಸ್ಟನ್ ವಿಲ್ಲಾ ಎದುರು 1–0ರಿಂದ ಸೋತು ಪ್ರೀಮಿಯರ್ ಲೀಗ್‌ನಿಂದ ಎರಡನೆಯ ದರ್ಜೆಗೆ ಇಳಿದಿತ್ತು. ಮಾಲೀಕರು ಕ್ಲಬ್ಬನ್ನು ಮಾರಾಟಕ್ಕಿಟ್ಟಿದ್ದರು. ಕಾಯಂ ಮ್ಯಾನೇಜರ್ ಎನ್ನುವವರೇ ಇರಲಿಲ್ಲ. ಇವೆಲ್ಲ ಸಾಲದೆಂಬಂತೆ ಜುಲೈ 25ರ ಶನಿವಾರ ಲೇಟನ್ ಓರಿಯೆಂಟ್ ಎಂಬ ಮೂರನೆಯ ದರ್ಜೆಯ ತಂಡದೊಂದಿಗೆ ಆಡಿದ ಸೌಹಾರ್ದ ಪಂದ್ಯದಲ್ಲಿ ನಮ್ಮವರು 6–1ರಿಂದ ಸೋತರು. ಆಗ ಆ ನಗರದಲ್ಲೇ ಉದ್ಯೋಗದಲ್ಲಿದ್ದ ನಾನು ‘ನಮ್ಮವರು’ ಎಂದು ಹೇಳಿಕೊಳ್ಳುವಷ್ಟು ಆ ತಂಡಕ್ಕೆ ಅಂಟಿಕೊಂಡಿದ್ದೆ. ಮರುದಿನ ಭಾನುವಾರ ಅದೇ ಊರಿನ ಜನ, ಅದೇ ಕಪ್ಪು-ಬಿಳಿ ಪಟ್ಟೆಯ ಅಂಗಿ ತೊಟ್ಟು, ಬೆಟ್ಟದಂಥ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದ ಕಡೆಗೆ ಏರುದಾರಿಯಲ್ಲಿ ನಗುನಗುತ್ತಾ ನಡೆಯುತ್ತಿದ್ದುದನ್ನು ಕಂಡಾಗ ನನಗೆ ಆಶ್ಚರ್ಯವೇ ಆಯಿತು. 30,000ಕ್ಕೂ ಹೆಚ್ಚು ಮಂದಿ ಹಣ ಕೊಟ್ಟು ನೋಡಲು ಹೊರಟಿದ್ದದ್ದು ಯಾವ ಲೀಗ್ ಪಂದ್ಯವನ್ನೂ ಅಲ್ಲ. ಎಪ್ಪತ್ತಾರು ವರ್ಷ ವಯಸ್ಸಿನ, ಐದನೆಯ ಬಾರಿ ಕ್ಯಾನ್ಸರ್‌ಗೆ ತುತ್ತಾಗಿದ್ದ ಒಬ್ಬ ಕೋಚ್‌ನ ಹೆಸರಿನಲ್ಲಿ ನಡೆಯಲಿದ್ದ ಸಹಾಯಾರ್ಥ ಪಂದ್ಯವನ್ನು.

ಸರ್ ಬಾಬಿ ರಾಬ್ಸನ್ ಅವರ ಹೆಸರು ನನಗೆ ಹುಡುಗನಾಗಿದ್ದಾಗಿನಿಂದ ಪರಿಚಿತ. 1990ರ ವಿಶ್ವಕಪ್ ಸೆಮಿಫೈನಲ್ ಅನ್ನು ನಿದ್ದೆಗೆಟ್ಟು ಟಿವಿಯಲ್ಲಿ ನೋಡಿದ ಪೀಳಿಗೆ ನಮ್ಮದು. ಟ್ಯೂರಿನ್‌ನಲ್ಲಿ ಪಶ್ಚಿಮ ಜರ್ಮನಿಯೊಂದಿಗೆ 1–1ರ ಸಮಬಲ ಸಾಧಿಸಿದ್ದ ಇಂಗ್ಲೆಂಡ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಸ್ಟುವರ್ಟ್ ಪಿಯರ್ಸ್ ಮತ್ತು ಕ್ರಿಸ್ ವಾಡ್ಲ್ ಗುರಿ ತಪ್ಪಿದರು. ಪಾಲ್ ಗ್ಯಾಸ್ಕಾಯಿನ್ ಅಂಗಿಯಲ್ಲೇ ಕಣ್ಣೀರು ಒರೆಸಿಕೊಂಡ. ಆ ಗೋಳಿನ ನಡುವೆ ಇಂಗ್ಲೆಂಡ್ ತಂಡದ ಕೋಚ್ ಆಗಿದ್ದ ನರೆಗೂದಲಿನ ರಾಬ್ಸನ್ ಸೋಲನ್ನು ನುಂಗಿಕೊಂಡು ಎದುರಾಳಿಗಳ ಕೈ ಕುಲುಕುತ್ತಿದ್ದುದು ನನ್ನ ನೆನಪಿನಲ್ಲಿ ಉಳಿದಿತ್ತು. ಈಗ ಅದೇ ಪಂದ್ಯದ ಮರುಆಟವೆಂಬಂತೆ, ಅಂದಿನ ಎರಡೂ ತಂಡಗಳ ಆಟಗಾರರೂ ಕೆಲವು ಅತಿಥಿಗಳೂ ಸೇರಿ ಸರ್ ಬಾಬಿ ರಾಬ್ಸನ್ ಟ್ರೋಫಿಗಾಗಿ ಆಡಲಿದ್ದರು. ಬಂದ ಹಣವೆಲ್ಲ ಅವರ ಪ್ರತಿಷ್ಠಾನಕ್ಕೆ ಸಲ್ಲುವುದಿತ್ತು. 2008ರ ಮಾರ್ಚ್‌ನಲ್ಲಿ ಆರಂಭವಾದ ಆ ಪ್ರತಿಷ್ಠಾನವು ನ್ಯೂಕ್ಯಾಸಲ್‌ನ ಫ್ರೀಮನ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಔಷಧಗಳ ಪ್ರಯೋಗ ಕೇಂದ್ರವನ್ನು ಸಜ್ಜುಗೊಳಿಸಲು 5 ಲಕ್ಷ ಪೌಂಡ್ ಗುರಿ ಇಟ್ಟುಕೊಂಡಿತ್ತು, ಮತ್ತು ಕೆಲವೇ ವಾರಗಳಲ್ಲಿ ಆ ಗುರಿಯನ್ನು ತಲುಪಿತ್ತು. ಕೀಮೋಥೆರಪಿಯ ನಡುವೆ ಸ್ವತಃ ಓಡಾಡಿ ಹಣ ಕೂಡಿಸಿದವರು ರಾಬ್ಸನ್ ಅವರೇ.

ನನ್ನ ಸಾಲಿನಲ್ಲಿ ಎಡಗಡೆ ನೀಲಿ ಅಂಗಿ ತೊಟ್ಟ ದಂಪತಿ ಕುಳಿತಿದ್ದರು. ಇಪ್ಸ್ವಿಚ್‌ನಿಂದ ಬಂದವರು. ದೇಶದ ಆ ಮೂಲೆಯಿಂದ ಈ ಮೂಲೆಗೆ ರೈಲಿನಲ್ಲಿ ಬಂದು, ಅಂದೇ ರಾತ್ರಿ ಮರಳುವವರಿದ್ದರು. ಬಲಗಡೆ ಒಬ್ಬ ನ್ಯೂಕ್ಯಾಸಲ್ ಅಭಿಮಾನಿ, ನಡುವಯಸ್ಸಿನವರು. ಪಂದ್ಯ ಆರಂಭವಾಗುವ ಮೊದಲು ನನ್ನ ಎರಡು ಪಕ್ಕದವರೂ ನನ್ನನ್ನು ನಡುವೆ ಇಟ್ಟುಕೊಂಡು, ರಾಬ್ಸನ್ ಯಾರಿಗೆ ಸೇರಿದವರು ಎಂಬ ವಿಷಯದಲ್ಲಿ ಹಿತವಾದ ಜಗಳ ಶುರುಮಾಡಿದರು. ಆ ಜಗಳ ನನಗೆ ಪಂದ್ಯಕ್ಕಿಂತ ಚೆನ್ನಾಗಿ ನೆನಪಿದೆ.

ಇಪ್ಸ್ವಿಚ್ ದಂಪತಿಯ ವಾದ ಸರಳವಾಗಿತ್ತು: ಅವರು ಹದಿಮೂರು ವರ್ಷ ನಮ್ಮಲ್ಲಿದ್ದರು. 1969ರಲ್ಲಿ ಇಪ್ಸ್ವಿಚ್‌ನ ಕ್ರೀಡಾಂಗಣವಾದ ಪೋರ್ಟ್‌ಮನ್ ರೋಡ್‌ಗೆ ಮ್ಯಾನೇಜರ್ ಆಗಿ ಬಂದ ರಾಬ್ಸನ್ ಅವರನ್ನು ಅಭಿಮಾನಿಗಳು ಮೊದಮೊದಲು ಸಹಿಸಿಕೊಂಡಿರಲಿಲ್ಲ. ಒಂದು ಸೋಲಿನ ನಂತರ ಕ್ರೀಡಾಂಗಣವೇ ಅವರನ್ನು ಕಿತ್ತುಹಾಕಿರೆಂದು ಕೂಗಿತ್ತು. ಮುಂದಿನ ಆಡಳಿತ ಮಂಡಳಿಯ ಸಭೆಗೆ, ಕೆಲಸ ಹೋಯಿತೆಂದೇ ಭಾವಿಸಿ ಹೋದ ಮ್ಯಾನೇಜರ್‌ನ ಎದುರು ಅಧ್ಯಕ್ಷ ಜಾನ್ ಕಾಬೋಲ್ಡ್ ಅವರು ಪ್ರೇಕ್ಷಕರ ನಡವಳಿಕೆಗಾಗಿ ಕ್ಷಮೆ ಕೇಳಿದರು. ಹಾಗೆ ಸಿಕ್ಕ ಕಾಲಾವಕಾಶದಲ್ಲಿ ರಾಬ್ಸನ್ ಮಾಡಿದ್ದೇನೆಂಬುದನ್ನು ಆ ಮಹಿಳೆ ಬಾಯಿಪಾಠದಂತೆ ಒಪ್ಪಿಸಿದರು. ಹದಿಮೂರು ವರ್ಷಗಳಲ್ಲಿ ಹೊರಗಿನ ಕ್ಲಬ್‌ಗಳಿಂದ ಕೊಂಡ ಆಟಗಾರರು ಹದಿನಾಲ್ಕೇ ಮಂದಿ. ಉಳಿದವರೆಲ್ಲ ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದ ಹುಡುಗರು. 1978ರಲ್ಲಿ ಆರ್ಸೆನಲ್ ತಂಡವನ್ನು 1–0ರಿಂದ ಮಣಿಸಿ ಎಫ್‌ಎ ಕಪ್, 1981ರಲ್ಲಿ ನೆದರ್ಲೆಂಡ್ಸ್‌ನ ಎಜೆಡ್ ತಂಡವನ್ನು ಎರಡು ಪಂದ್ಯಗಳ ಒಟ್ಟು 5–4ರಿಂದ ಮಣಿಸಿ ಯುಇಎಫ್‌ಎ ಕಪ್. ಸಣ್ಣ ಊರಿನ ಸಣ್ಣ ಕ್ಲಬ್ಬಿಗೆ ಇದು ಎಂಥ ಎತ್ತರವೆಂಬುದು, ಅವರು ಊರನ್ನು ಬಿಟ್ಟುಹೋದ ಮೇಲಷ್ಟೇ ತಮಗೆ ತಿಳಿಯಿತು ಎಂದು ಆಕೆಯ ಪತಿ ಸೇರಿಸಿದರು.

ಬಲಗಡೆಯವರ ವಾದ ಅಂಕಿಸಂಖ್ಯೆಯದ್ದಲ್ಲ. ರಾಬ್ಸನ್ ಹುಟ್ಟಿದ್ದು 1933ರಲ್ಲಿ, ಡರ್ಹಮ್ ಪ್ರಾಂತ್ಯದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ. ತಂದೆ ಗಣಿ ಕಾರ್ಮಿಕರು. ಶನಿವಾರ ಬಂತೆಂದರೆ ಮಗನನ್ನು ಕರೆದುಕೊಂಡು ಇದೇ ಸೇಂಟ್ ಜೇಮ್ಸ್ ಪಾರ್ಕಿಗೆ ಬರುತ್ತಿದ್ದರು. ಮಗ ಹದಿನೈದಕ್ಕೆ ಶಾಲೆ ಬಿಟ್ಟು ಗಣಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯತೊಡಗಿದ. 1950ರಲ್ಲಿ ಲಂಡನ್ನಿನ ಫುಲಮ್ ಕ್ಲಬ್ ಕರೆದಾಗಲೂ, ಕೈಯಲ್ಲಿರುವ ಕಸುಬನ್ನು ಬಿಡಕೂಡದೆಂದು ತಂದೆ ಹಟ ಹಿಡಿದದ್ದರಿಂದ, ಹಗಲು ಎಲೆಕ್ಟ್ರಿಷಿಯನ್ ಆಗಿ ದುಡಿದು ಸಂಜೆ ತರಬೇತಿಗೆ ಹೋಗುತ್ತಿದ್ದ. ಇಂಥವನು ನಮ್ಮವನಲ್ಲದೆ ಮತ್ತಾರವನು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಇಪ್ಸ್ವಿಚ್ ದಂಪತಿಯ ಬಳಿ ಉತ್ತರವಿರಲಿಲ್ಲ. ಆದರೆ ಆ ಮಹಿಳೆ ಸುಮ್ಮನಾಗದೆ, ಹಾಗಿದ್ದರೆ 2004ರಲ್ಲಿ ನೀವು ಮಾಡಿದ್ದೇನು ಎಂದು ಮೆಲ್ಲಗೆ ಕೇಳಿಬಿಟ್ಟರು.

ನನ್ನ ಪಕ್ಕದವರು ಸ್ವಲ್ಪ ಹೊತ್ತು ಮೈದಾನವನ್ನು ನೋಡುತ್ತಾ ಕುಳಿತರು. ಆ ಕತೆ ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದದ್ದೇ. 1999ರ ಸೆಪ್ಟೆಂಬರ್‌ನಲ್ಲಿ, ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ಅರವತ್ತಾರರ ವಯಸ್ಸಿನಲ್ಲಿ, ರಾಬ್ಸನ್ ಅವರು ಲೀಗ್ ಪಟ್ಟಿಯ ತಳದಲ್ಲಿದ್ದ ನ್ಯೂಕ್ಯಾಸಲ್‌ನ ಹೊಣೆ ಹೊತ್ತರು. ತವರಿನ ಮೊದಲ ಪಂದ್ಯದಲ್ಲೇ ತಂಡ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ 8–0ರಿಂದ ಗೆದ್ದಿತು. ಐದು ಗೋಲು ಅಲನ್ ಶಿಯರರ್ ಅವರದೇ. 2002ರಲ್ಲಿ ನಾಲ್ಕನೆಯ ಸ್ಥಾನ, 2003ರಲ್ಲಿ ಮೂರನೆಯ ಸ್ಥಾನ. ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಮೊದಲ ಮೂರೂ ಪಂದ್ಯಗಳನ್ನು ಸೋತು, ಉಳಿದ ಮೂರನ್ನೂ ಗೆದ್ದು ಮುಂದಿನ ಸುತ್ತಿಗೇರಿದ ಮೊದಲ ತಂಡವೂ ಇವರದೇ. 2004ರಲ್ಲಿ ಐದನೆಯ ಸ್ಥಾನಕ್ಕಿಳಿದಾಗ ಇದೇ ಅಭಿಮಾನಿಗಳಿಗೆ ಅದು ಸಾಲದಾಯಿತು. ಆ ಋತುವಿನ ಕೊನೆಯ ತವರು ಪಂದ್ಯ ಡ್ರಾ ಆದ ಮೇಲೆ, ವಂದನೆ ಸಲ್ಲಿಸಲು ತಂಡ ಮೈದಾನಕ್ಕೆ ಸುತ್ತು ಬರುವ ಹೊತ್ತಿಗೆ ಕ್ರೀಡಾಂಗಣದ ಬಹುಪಾಲು ಖಾಲಿಯಾಗಿತ್ತು. ಆಗಸ್ಟ್ 30ರಂದು ಕ್ಲಬ್ ಅವರನ್ನು ತೆಗೆದುಹಾಕಿತು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಅಂದು ಪಂದ್ಯ ಮುಗಿದ ಶಿಳ್ಳೆ ಕೇಳಿದೊಡನೆ ಎದ್ದು ಹೋದವರಲ್ಲಿ ತಾನೂ ಒಬ್ಬನೆಂದು ಪಕ್ಕದವರು ಹೇಳಿದರು. ಅವರ ದನಿಯಲ್ಲಿ ನಾಟಕವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಮಳೆ ಬರುವಂತಿತ್ತು, ಬಸ್ಸು ಹಿಡಿಯಬೇಕಿತ್ತು ಎಂದರು. ಅವರು ಹೇಳಿದ ಮುಂದಿನ ಮಾತು ಮಾತ್ರ ನನ್ನನ್ನು ತಟ್ಟಿತು: ತಮ್ಮನ್ನು ಹೊರಹಾಕಿದ ಕ್ಲಬ್ಬಿನ ಮೇಲೆ ಆ ಮನುಷ್ಯ ಮುನಿಸಿಕೊಂಡಿದ್ದರೆ ನಮಗೂ ಎಷ್ಟೋ ಸಲೀಸಾಗುತ್ತಿತ್ತು, ಅವರು ಮತ್ತೆ ಇಲ್ಲಿಗೇ ಪಂದ್ಯ ನೋಡಲು ಬಂದು, ಎಲ್ಲರಂತೆ ಕುಳಿತು ಚಪ್ಪಾಳೆ ತಟ್ಟತೊಡಗಿದಾಗ ನಾವು ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಕ್ರೀಡಾಲೋಕದಲ್ಲಿ ಸಮರ್ಪಣೆಯ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಸನ್ಮಾನ ಸಮಾರಂಭಗಳಲ್ಲಿ ಎಲ್ಲ ಕೋಚ್‌ಗಳೂ ಬದುಕನ್ನೇ ಆಟಕ್ಕೆ ಮುಡಿಪಾಗಿಟ್ಟವರೇ. ಆದರೆ ರಾಬ್ಸನ್ ಅವರ ವಿಷಯದಲ್ಲಿ ಅಭಿಮಾನಿಗಳನ್ನು ಹಿಡಿದಿಟ್ಟಿದ್ದು ಅವರು ಗೆದ್ದ ಕಪ್‌ಗಳ ಪಟ್ಟಿಯಲ್ಲ, ಹೊರದಬ್ಬಿಸಿಕೊಂಡ ಪ್ರತಿ ಸಲವೂ ಇನ್ನೊಂದು ಮೈದಾನವನ್ನು ಹುಡುಕಿಕೊಂಡು ಹೋದ ರೀತಿ ಎಂದು ನನಗೆ ಅಂದು ಸ್ಪಷ್ಟವಾಯಿತು. ಇಂಗ್ಲೆಂಡ್ ತಂಡದ ಕೋಚ್ ಆಗಿದ್ದ ಎಂಟು ವರ್ಷ ಪತ್ರಿಕೆಗಳು ಅವರನ್ನು ಹುರಿದು ಮುಕ್ಕಿದವು. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್, ತಂಡ ಲೀಗ್‌ನಲ್ಲಿ ಅಗ್ರಸ್ಥಾನದಲ್ಲಿರುವಾಗಲೇ ಅವರನ್ನು ಕಿತ್ತುಹಾಕಿತು. ಅವರು ಅದೇ ದೇಶದ ಪೋರ್ಟೊಗೆ ಹೋಗಿ ಎರಡು ಲೀಗ್ ಪ್ರಶಸ್ತಿ ಗೆದ್ದರು. ಅದರ ನಡುವೆ, 1995ರಲ್ಲಿ, ಮುಖದೊಳಗೆ ಬೆಳೆದಿದ್ದ ಕ್ಯಾನ್ಸರ್ ಗಡ್ಡೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಮೇಲ್ದವಡೆಯ ಭಾಗವನ್ನೇ ತೆಗೆಯಬೇಕಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ತರಬೇತಿ ಮೈದಾನದಲ್ಲಿದ್ದರು. ಬಾರ್ಸಿಲೋನಾದಲ್ಲಿ ಒಂದೇ ಋತುವಿನಲ್ಲಿ ಮೂರು ಕಪ್ ಗೆದ್ದುಕೊಟ್ಟರೂ ಮರುವರ್ಷ ಅವರನ್ನು ಪಕ್ಕಕ್ಕೆ ಸರಿಸಿ ಬೇರೊಬ್ಬರನ್ನು ತರಲಾಯಿತು.

ಹೋದಲ್ಲೆಲ್ಲ ಅವರು ಜನರನ್ನು ಬೆಳೆಸಿದರು. ಸ್ಪೋರ್ಟಿಂಗ್‌ನಲ್ಲಿ ಅವರ ಮಾತನ್ನು ಅನುವಾದಿಸಲು ಬಂದ ಜೋಸ್ ಮೌರಿನ್ಹೊ, ರಾಬ್ಸನ್ ಅವರ ಜೊತೆ ಪೋರ್ಟೊಗೂ ಬಾರ್ಸಿಲೋನಾಗೂ ಹೋಗಿ ಕೋಚ್ ಆದದ್ದು ಎಲ್ಲರಿಗೂ ಗೊತ್ತಿರುವ ಕತೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಇನ್ನೊಂದು. ಪೋರ್ಟೊದಲ್ಲಿ ಅವರಿದ್ದ ಕಟ್ಟಡದಲ್ಲೇ ವಾಸವಾಗಿದ್ದ ಹದಿಹರೆಯದ ಹುಡುಗನೊಬ್ಬ, ತನ್ನ ಮೆಚ್ಚಿನ ಆಟಗಾರ ಡೊಮಿಂಗೋಸ್‌ನನ್ನು ಏಕೆ ಆಡಿಸುತ್ತಿಲ್ಲವೆಂದು ಚೀಟಿ ಬರೆದು ಅವರ ಅಂಚೆಪೆಟ್ಟಿಗೆಗೆ ಹಾಕಿದ. ಸಾಮಾನ್ಯವಾಗಿ ಅಂಥ ಚೀಟಿ ಹೋಗಬೇಕಾದ ಜಾಗ ಕಸದ ಬುಟ್ಟಿ. ರಾಬ್ಸನ್ ಹುಡುಗನನ್ನು ಕರೆಸಿ ಮಾತನಾಡಿಸಿ, ಆಟವನ್ನು ವಿಶ್ಲೇಷಿಸಲು ಹಚ್ಚಿ, ಕೋಚಿಂಗ್ ಕಲಿಯುವ ದಾರಿಯನ್ನೂ ಮಾಡಿಕೊಟ್ಟರು. ಆಂಡ್ರೆ ವಿಲ್ಲಾಸ್-ಬೋವಾಸ್ ಎಂಬ ಆ ಹುಡುಗ 2011ರಲ್ಲಿ ಅದೇ ಪೋರ್ಟೊದ ಕೋಚ್ ಆಗಿ ಯುರೋಪಾ ಲೀಗ್ ಗೆದ್ದ.

ಪಂದ್ಯಕ್ಕೆ ಮೊದಲು ರಾಬ್ಸನ್ ಅವರನ್ನು ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಕರೆತಂದರು. ಮಿದುಳಿನ ಗಡ್ಡೆಯ ನಂತರ ಅವರ ದೇಹದ ಎಡಭಾಗ ದುರ್ಬಲವಾಗಿತ್ತು, ತೀರಾ ಸೊರಗಿದ್ದರು. ಎರಡೂ ತಂಡಗಳ ಆಟಗಾರರು ಸಾಲಾಗಿ ನಿಂತಿದ್ದರು, ಅವರು ಒಬ್ಬೊಬ್ಬರ ಕೈಯನ್ನೂ ಹಿಡಿದು ಮಾತನಾಡಿಸುತ್ತಾ ಮುಂದೆ ಸಾಗಿದರು. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಫುಟ್‌ಬಾಲ್ ಚಪ್ಪಾಳೆಗೆ ಒಂದು ಏರಿಳಿತವಿರುತ್ತದೆ. ಗೋಲು ಬಿದ್ದಾಗ ಭೋರ್ಗರೆದು ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಇದು ಇಳಿಯಲೇ ಇಲ್ಲ. ಒಂದೇ ಮಟ್ಟದಲ್ಲಿ, ಅವರು ಆ ಸಾಲನ್ನು ಮುಗಿಸುವವರೆಗೂ, ಮುಗಿಸಿದ ಮೇಲೂ ನಡೆಯಿತು. ನನ್ನ ಎಡಗಡೆಯ ಮಹಿಳೆ ಅಳುತ್ತಿದ್ದರು. ಬಲಗಡೆಯವರು ಅಳಲಿಲ್ಲ, ಆದರೆ ಸುತ್ತಲಿನವರು ಕುಳಿತ ಮೇಲೂ ಅವರು ನಿಂತೇ ಇದ್ದರು. ಹಿಂದಿನ ಸಾಲಿನವರು ಯಾರೂ ಕುಳಿತುಕೊಳ್ಳಿರೆಂದು ಹೇಳಲಿಲ್ಲ.

ಕಾಯಿಲೆಯ ವೃದ್ಧನನ್ನು ಪ್ರೀತಿಸುವುದು ಸುಲಭ, ಆರೋಗ್ಯವಾಗಿದ್ದು ಐದನೆಯ ಸ್ಥಾನಕ್ಕಿಳಿದವನನ್ನು ಪ್ರೀತಿಸುವುದೇ ಕಷ್ಟ ಎಂಬ ಅನುಮಾನ ಆ ಹೊತ್ತಿನಲ್ಲೂ ನನ್ನಲ್ಲಿ ಸುಳಿಯದೆ ಇರಲಿಲ್ಲ. ಅದರಲ್ಲಿ ಸತ್ಯಾಂಶವಿದೆಯೆಂದು ಇಂದಿಗೂ ನಂಬಿದ್ದೇನೆ. ಆದರೆ ಆ ಚಪ್ಪಾಳೆ ಬರೀ ಕನಿಕರದ್ದಾಗಿರಲಿಲ್ಲ. ಅದರಲ್ಲಿ ಐದು ವರ್ಷದ ಹಿಂದೆ ಕೊಡದೆ ಉಳಿಸಿಕೊಂಡ ಬಾಕಿಯೂ ಸೇರಿತ್ತು, ಮತ್ತು ಅದನ್ನು ಪಡೆಯಬೇಕಾದವರು ಇನ್ನೂ ಕಣ್ಣೆದುರಿಗೆ ಇದ್ದರೆಂಬ ನಿರಾಳವೂ ಸೇರಿತ್ತು.

ಆಟದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಹೊಟ್ಟೆ ಬಂದ ದಿಗ್ಗಜರು ಉಬ್ಬುಸಪಡುತ್ತಾ ಓಡಿದರು, ಇಂಗ್ಲೆಂಡ್ 3–2ರಿಂದ ಗೆದ್ದಿತು. ಗ್ಯಾಸ್ಕಾಯಿನ್ ಚೆಂಡು ಮುಟ್ಟಿದಾಗಲೆಲ್ಲ ಜನ ಕೂಗಿದರು. ವಿರಾಮದ ಹೊತ್ತಿನಲ್ಲಿ ರಾಬ್ಸನ್ ಅವರ ಮರೆವಿನ ಕತೆಗಳು ಸಾಲಿನಿಂದ ಸಾಲಿಗೆ ಹರಿದಾಡಿದವು. ಅವರಿಗೆ ಆಟಗಾರರ ಹೆಸರುಗಳು ನಾಲಿಗೆಗೆ ಸಿಗುತ್ತಿರಲಿಲ್ಲವಂತೆ. ರಾಬ್ಸನ್ ನಿಮ್ಮನ್ನು ಪ್ರೀತಿಯಿಂದ ಏನೆಂದು ಕರೆಯುತ್ತಾರೆ ಎಂದು ಪತ್ರಕರ್ತರೊಬ್ಬರು ನ್ಯೂಕ್ಯಾಸಲ್ ಆಟಗಾರ ಶೋಲಾ ಅಮೆಯೋಬಿಯನ್ನು ಕೇಳಿದರೆ, ಆತ ‘ಕಾರ್ಲ್ ಕಾರ್ಟ್’ ಎಂದನಂತೆ. ಅದು ಅದೇ ತಂಡದ ಇನ್ನೊಬ್ಬ ಆಟಗಾರನ ಹೆಸರು. ಆ ಊರಿನಲ್ಲಿ ಈ ಕತೆಯನ್ನು ಕೇಳದವರಿಲ್ಲ, ಹೇಳುವಾಗ ನಗದವರೂ ಇಲ್ಲ.

ಜುಲೈ 31ರ ಶುಕ್ರವಾರ, ಪಂದ್ಯ ನಡೆದ ಐದನೆಯ ದಿನ, ರಾಬ್ಸನ್ ಅವರು ತೀರಿಕೊಂಡರು. ಸುದ್ದಿ ಕೇಳಿದ ಸಂಜೆ ಕಚೇರಿಯಿಂದ ನೇರವಾಗಿ ಕ್ರೀಡಾಂಗಣಕ್ಕೆ ಹೋದೆ. ಜನ ಆಗಲೇ ಹೂವು, ಸ್ಕಾರ್ಫ್, ಅಂಗಿಗಳನ್ನು ತಂದಿಡುತ್ತಿದ್ದರು. ಕ್ಲಬ್ ಗ್ಯಾಲರಿಯ ಒಂದು ಭಾಗವನ್ನೇ ಅದಕ್ಕಾಗಿ ತೆರೆದಿಟ್ಟಿತು. ಮುಂದಿನ ದಿನಗಳಲ್ಲಿ ಅಲ್ಲಿನ ಆಸನಗಳ ಮೇಲೆ ಬಗೆಬಗೆಯ ಬಣ್ಣದ ಅಂಗಿಗಳು ಹರಡಿಕೊಂಡವು. ಇಪ್ಸ್ವಿಚ್‌ನ ನೀಲಿ ಇತ್ತು, ಅದು ನಿರೀಕ್ಷಿತವೇ. ನೂರಾರು ವರ್ಷಗಳ ಹಗೆಯ ನೆರೆಊರಾದ ಸಂಡರ್‌ಲ್ಯಾಂಡ್‌ನ ಕೆಂಪು-ಬಿಳಿ ಪಟ್ಟೆಯೂ ಅವುಗಳ ನಡುವೆ ಇತ್ತು. ಬೇರೆ ಯಾವ ದಿನವಾದರೂ ಆ ಬಣ್ಣ ತೊಟ್ಟು ಅಲ್ಲಿಗೆ ಬಂದವನು ಬೈಗುಳವಿಲ್ಲದೆ ಹಿಂದಿರುಗುತ್ತಿರಲಿಲ್ಲ. ಅಂದು ಅದನ್ನು ಯಾರೂ ಸರಿಸಲೂ ಇಲ್ಲ, ಅದರ ಬಗ್ಗೆ ಮಾತನಾಡಲೂ ಇಲ್ಲ.

ಎರಡನೆಯ ದರ್ಜೆಯ ಲೀಗ್ ಆಗಸ್ಟ್ 8ರಂದು ಆರಂಭವಾಯಿತು. ಮೊದಲ ಪಂದ್ಯ ಎದುರಾದದ್ದು ವೆಸ್ಟ್ ಬ್ರೋಮ್‌ವಿಚ್ ಆಲ್ಬಿಯನ್ ಜೊತೆ. ರಾಬ್ಸನ್ ಆಟಗಾರರಾಗಿ ಹೆಸರು ಮಾಡಿ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದದ್ದು ಆ ಕ್ಲಬ್ಬಿನಿಂದಲೇ. 1–1ರಿಂದ ಅದು ಡ್ರಾ ಆಯಿತು. ಮುಂದಿನ ಶನಿವಾರ, ಆಗಸ್ಟ್ 15ರಂದು, ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ರೆಡಿಂಗ್ ವಿರುದ್ಧ ನ್ಯೂಕ್ಯಾಸಲ್ 3–0ರಿಂದ ಗೆದ್ದಿತು. ಮೂರೂ ಗೋಲುಗಳನ್ನು ಹೊಡೆದವನು ಶೋಲಾ ಅಮೆಯೋಬಿ, ರಾಬ್ಸನ್ ಅವರೇ ಹದಿಹರೆಯದಲ್ಲಿ ಮೊದಲ ಬಾರಿಗೆ ಹಿರಿಯರ ತಂಡಕ್ಕೆ ಇಳಿಸಿದ್ದ ಹುಡುಗ. ಆ ಋತುವಿನ ಕೊನೆಗೆ ತಂಡ 102 ಅಂಕಗಳೊಂದಿಗೆ ಲೀಗ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಮರಳಿತು.